ಅಲ್ಪ ವೆಚ್ಚದ ಮರಗೆಲಸ: ಮರವನ್ನೂ ಹತಾರಗಳನ್ನೂ ಪರೀಕ್ಷಿಸಿ ಕೊಳ್ಳುವ ಬಗೆ

ಬಿಡುವಿನ ವೇಳೆಯಲ್ಲಿ ಸ್ವಂತ ಕೈಯಿಂದ ಒಂದು ಪುಸ್ತಕದ ಕಪಾಟನ್ನೋ ಮಣೆಯನ್ನೋ ಮಾಡಬೇಕೆಂಬ ಆಸೆ ಅನೇಕ ವಿದ್ಯಾರ್ಥಿಗಳಿಗೆ ಉಂಟು. ಆದರೆ ಅಂಗಡಿಯಲ್ಲಿ ತೇಗದ ಬೆಲೆಯನ್ನೂ ಹೊಸ ಹತಾರಗಳ ಬೆಲೆಯನ್ನೂ ಕೇಳಿದೊಡನೆಯೇ ಆ ಆಸೆ ಬತ್ತಿಹೋಗುತ್ತದೆ. ಮರಗೆಲಸವು ಹಣವಂತರ ಹವ್ಯಾಸವೆಂದು ಅವರು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನ ಸರಿಯಲ್ಲ. ಅಂಗಡಿಯವನು ಹೊಸ ಸರಕಿಗೆ ಹೆಚ್ಚು ಬೆಲೆ ಕೇಳುವುದು ಬಹುಮಟ್ಟಿಗೆ ಅದರ ಗುಣದ ಭರವಸೆಗಾಗಿ. ಗುಣವನ್ನು ತಾನೇ ಪರೀಕ್ಷಿಸಬಲ್ಲವನು ಆ ಭರವಸೆಯನ್ನು ಹಣ ಕೊಟ್ಟು ಕೊಳ್ಳಬೇಕಾಗಿಲ್ಲ. ಹಳೆಯ ಸಾಮಗ್ರಿಯಲ್ಲಿಯೇ ಒಳ್ಳೆಯದನ್ನು ಆರಿಸಿಕೊಳ್ಳಬಲ್ಲನು. ಆ ಪರೀಕ್ಷೆಗಳು ಯಾವುವೆಂಬುದನ್ನು ಈಗ ವಿಚಾರಿಸೋಣ.

ಎಷ್ಟು ಮರ ಬೇಕು?

ನಮ್ಮಲ್ಲಿ ಮರವನ್ನು ಸಾಮಾನ್ಯವಾಗಿ ಘನ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ. ಮೂರು ಅಡಿ ಎತ್ತರದ ಎರಡು ಪಕ್ಕದ ಹಲಗೆಗಳು, ಎರಡು ಅಡಿ ಉದ್ದದ ನಾಲ್ಕು ಅಡ್ಡ ಹಲಗೆಗಳು ಉಳ್ಳ ಕಪಾಟನ್ನು ತೆಗೆದುಕೊಳ್ಳೋಣ. ಒಟ್ಟು ಉದ್ದ 14 ಅಡಿ. ಅಗಲ 8 ಅಂಗುಲ, ನಯಗೊಳಿಸುವುದಕ್ಕೆ ಮುಂಚೆ ದಪ್ಪ 1 ಅಂಗುಲ ಎಂದಿಟ್ಟುಕೊಂಡರೆ, 14 × 8 ÷ 144, ಅಂದರೆ ಸುಮಾರು 0.78 ಘನ ಅಡಿ. ಕೊಯ್ಯುವಾಗ, ಕೀಸುವಾಗ ಹಾಳಾಗುವ ಕಾಲು ಭಾಗವನ್ನು ಸೇರಿಸಿದರೂ ಒಂದು ಘನ ಅಡಿಯನ್ನು ಮೀರುವುದಿಲ್ಲ. ಇಷ್ಟು ಅಲ್ಪ ಪ್ರಮಾಣಕ್ಕೆ ಉದ್ದವಾದ ಹೊಸ ದಿಮ್ಮಿಯ ಅಗತ್ಯವಿಲ್ಲ. ಇತರರು ಬೇಡವೆಂದು ಬದಿಗಿಟ್ಟ ಎರಡು ಮೂರು ಅಡಿಯ ತುಂಡುಗಳೇ ಸಾಕು.

ಮರದೊಳಗಿನ ನೀರು

ಕಡಿಮೆ ಬೆಲೆಗೆ ದೊರೆಯಿತೆಂದು ಹಸಿಮರವನ್ನು ಕೊಳ್ಳುವುದು ಎಲ್ಲಕ್ಕಿಂತ ದುಬಾರಿಯಾದ ವ್ಯಾಪಾರ. ಕಾರಣವನ್ನು ನೋಡೋಣ. ಹಸಿಮರದಲ್ಲಿ ನೀರು ಎರಡು ಬಗೆಯಾಗಿ ಇರುತ್ತದೆ. ಕೋಶಗಳ ಟೊಳ್ಳಿನಲ್ಲಿ ತುಂಬಿರುವುದು ಒಂದು. ಕೋಶಗಳ ಭಿತ್ತಿಯಲ್ಲಿಯೇ ಹೀರಲ್ಪಟ್ಟಿರುವುದು ಇನ್ನೊಂದು. ಒಣಗುವಾಗ ಟೊಳ್ಳಿನ ನೀರು ಮೊದಲು ಹೋಗುತ್ತದೆ. ಆಗ ಮರ ಹಗುರವಾಗುವುದೇ ಹೊರತು ಕುಗ್ಗುವುದಿಲ್ಲ. ತೇವಾಂಶವು ಒಣಮರದ ತೂಕದ ಸುಮಾರು ನೂರಕ್ಕೆ 30ಕ್ಕೆ ಇಳಿದ ಮೇಲೆ ಭಿತ್ತಿಯ ನೀರು ಹೊರಡಲಾರಂಭಿಸುತ್ತದೆ. ಕುಗ್ಗುವಿಕೆಯ ಆರಂಭ ಅಲ್ಲಿಂದಲೇ.

ಈ ಕುಗ್ಗುವಿಕೆಯು ಎಲ್ಲ ದಿಕ್ಕಿಗೂ ಸಮನಾಗಿರುವುದಿಲ್ಲ. ಉದ್ದಕ್ಕೆ ಅದು ಗಣನೆಗೆ ಬಾರದಷ್ಟು ಅಲ್ಪ. ವಾರ್ಷಿಕ ಉಂಗುರಗಳನ್ನು ಅನುಸರಿಸುವ ದಿಕ್ಕಿನಲ್ಲಿ ಮಾತ್ರ, ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತದೆ. ಹಲಗೆಗಳು ಸೊಟ್ಟಗಾಗುವುದಕ್ಕೂ ಬಿರಿಯುವುದಕ್ಕೂ ಈ ಅಸಮತೆಯೇ ಮುಖ್ಯ ಕಾರಣ. ಪೂರ್ತಿ ಒಣಗುವಷ್ಟರಲ್ಲಿ ಅಗಲದಲ್ಲಿ ನೂರಕ್ಕೆ 6ರಷ್ಟು ಕುಗ್ಗುವ ಒಂದು ಮರವಿದೆಯೆನ್ನೋಣ. ತೇವಾಂಶ ಒಂದು ಅಂಶ ಇಳಿದಾಗ ಅದು ನೂರಕ್ಕೆ 0.2ರಷ್ಟು ಕುಗ್ಗುತ್ತದೆ. ನೂರಕ್ಕೆ 20ರಷ್ಟು ತೇವವಿದ್ದಾಗ ಜೋಡಿಸಿದ 200 ಮಿಲಿಮೀಟರ್ ಅಗಲದ ಹಲಗೆ ನೂರಕ್ಕೆ 12ಕ್ಕೆ ಒಣಗಿದಾಗ 3 ಮಿಲಿಮೀಟರಿಗೂ ಹೆಚ್ಚು ಕಿರಿದಾಗುತ್ತದೆ. ಎಷ್ಟು ನಿಪುಣವಾಗಿ ಮಾಡಿದ ಜೋಡಣೆಯಾದರೂ ಇಷ್ಟು ಸೆಳೆತವನ್ನು ತಾಳಲಾರದು.

ಮರದ ಇಂತಹ ಗುಣಗಳ ಅಧ್ಯಯನಕ್ಕೆ ಬೆಂಗಳೂರಿನಲ್ಲಿ ದೀರ್ಘ ಇತಿಹಾಸವಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಇಲ್ಲಿ ಸ್ಥಾಪಿತವಾದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು.

ಹಳೆಯ ಮರದ ಗುಣದೋಷಗಳು

ಕೆಡವಿದ ಹಳೆಯ ಮನೆಗಳ ಬಾಗಿಲು, ಕಿಟಕಿ, ತೊಲೆಗಳು ದಶಕಗಳ ಕಾಲ ಬೇಸಿಗೆ ಮಳೆಗಾಲಗಳನ್ನು ಕಂಡು ಒಣಗಿರುತ್ತವೆ. ಸೊಟ್ಟಗಾಗಬೇಕಾದವು ಬಹುಪಾಲು ಆಗಲೇ ಆಗಿರುತ್ತವೆ. ನೆಟ್ಟಗೆ ಉಳಿದುದನ್ನು ನಾವು ಕಣ್ಣಿನಿಂದಲೇ ನೋಡಿ ಆರಿಸಬಹುದು. ತೇಗ, ಹೊನ್ನೆ, ಮತ್ತಿ, ಹಲಸು ಹೀಗೆ ಅಗ್ಗವಾಗಿ ದೊರೆಯುವುದುಂಟು. ಮರ ಕೊಯ್ಯುವ ಸಾಮಿಲ್ಲುಗಳ ತುಂಡುಗಳು, ಸರಕು ತುಂಬಿ ಬಂದ ಪೈನ್ ಮರದ ಪೆಟ್ಟಿಗೆಗಳು, ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಸಹ ಆರಂಭದ ಕೆಲಸಕ್ಕೆ ಯೋಗ್ಯವಾದವು. ಉತ್ತಮ ಕೆಲಸಕ್ಕೆ ಬೆಲೆಯುಳ್ಳ ಮರವೇ ಆಗಬೇಕೆಂಬ ನಿಯಮವಿಲ್ಲ. ಚನ್ನಪಟ್ಟಣದ ಕುಶಲಿಗಳು ಬಣ್ಣದ ಬೊಂಬೆಗಳಿಗೆ ತೇಗವನ್ನು ಅರಸದೆ, ಕಡೆಯುವುದಕ್ಕೆ ಹದವಾದ ಆಲೆಮರವನ್ನು ಬಳಸುತ್ತ ಬಂದಿದ್ದಾರೆ.

ಆದರೆ ಹಳೆಯ ಮರವನ್ನು ಕೊಳ್ಳುವಾಗ ನಾಲ್ಕು ವಿಷಯಗಳಲ್ಲಿ ಎಚ್ಚರ ಬೇಕು.

ಮೊದಲನೆಯದು ಮೊಳೆ. ಒಳಗೆ ಮುರಿದು ಕುಳಿತ ಒಂದು ಮೊಳೆ ಗರಗಸದ ಹಲ್ಲುಗಳನ್ನು ಕ್ಷಣದಲ್ಲಿ ಹಾಳುಮಾಡುತ್ತದೆ. ಕೆಟ್ಟುಹೋದ ಧ್ವನಿವರ್ಧಕದಿಂದ ತೆಗೆದ ಅಯಸ್ಕಾಂತವನ್ನು ಹಲಗೆಯ ಮೇಲೆ ನಿಧಾನವಾಗಿ ಸರಿಸಿದರೆ ಕಬ್ಬಿಣ ಅಡಗಿರುವ ಸ್ಥಳ ತಿಳಿಯುತ್ತದೆ.

ಎರಡನೆಯದು ಹುಳು. ಗುಂಡುಸೂಜಿಯ ತಲೆಯಷ್ಟು ಗಾತ್ರದ ರಂಧ್ರಗಳಿಂದ ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆಯೆಂದು ತಿಳಿಯಬೇಕು. ಮರದ ಹೊರಗಿನ ತಿಳಿಬಣ್ಣದ ಭಾಗದಲ್ಲಿ ಪಿಷ್ಟ ಹೆಚ್ಚಾಗಿರುವುದರಿಂದ ಹುಳುವಿಗೆ ಅದು ಪ್ರಿಯ. ಆದುದರಿಂದ ಚೇಗು ಹೆಚ್ಚಾಗಿರುವ ಹಲಗೆಯನ್ನೇ ಆರಿಸುವುದು ಲೇಸು.

ಮೂರನೆಯದು ಬಣ್ಣ. ಇದು ಹಣದ ಮಾತಲ್ಲ, ಆರೋಗ್ಯದ ಮಾತು. ಹಳೆಯ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳಿರುತ್ತಿದ್ದವು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ಭಾರತ ಸರ್ಕಾರವು 2016ರಲ್ಲಿ ಮಾಡಿದ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಅದಕ್ಕಿಂತ ಹಿಂದಿನ ಬಣ್ಣವಿರುವ ಬಾಗಿಲನ್ನು ಉಪ್ಪುಕಾಗದದಿಂದ ಒಣಗಿದಂತೆಯೇ ಉಜ್ಜಿದರೆ ಸೀಸದ ಧೂಳು ಉಸಿರಿನೊಡನೆ ದೇಹವನ್ನು ಸೇರಬಹುದು. ಮಕ್ಕಳ ಮಿದುಳಿಗಂತೂ ಸೀಸ ತೀರ ಹಾನಿಕರ. ಬಣ್ಣವಿಲ್ಲದ ಮರ ದೊರೆಯುವಾಗ ಇಂತಹುದನ್ನು ಬಿಟ್ಟುಬಿಡುವುದೇ ಜಾಣತನ.

ನಾಲ್ಕನೆಯದು ಸರಕಿನ ಪೆಟ್ಟಿಗೆಯ ಮುದ್ರೆ. ವಿದೇಶ ವ್ಯಾಪಾರದ ಪೆಟ್ಟಿಗೆಗಳ ಮೇಲೆ ರೋಮನ್ ಅಕ್ಷರಗಳಲ್ಲಿ ‘ಎಚ್‌ಟಿ’ ಎಂದಿದ್ದರೆ ಕೀಟನಾಶಕ್ಕಾಗಿ ಆ ಮರವನ್ನು ಕಾಯಿಸಲಾಗಿದೆಯೆಂದು ಅರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲವನ್ನು ಹಾಯಿಸಲಾಗಿದೆ. ಮನೆಯ ಸಾಮಾನಿಗೆ ಮೊದಲಿನದನ್ನು ಮಾತ್ರ ತೆಗೆದುಕೊಳ್ಳಬೇಕು. ಎಣ್ಣೆಯೋ ರಾಸಾಯನಿಕವೋ ಚೆಲ್ಲಿದ ಕಲೆಯಿದ್ದರೆ ಅದೂ ಬೇಡ.

ಹತಾರಗಳ ಪರೀಕ್ಷೆ

ಆರಂಭಕ್ಕೆ ಬೇಕಾದುವು ಕೆಲವೇ: ಅಳತೆಪಟ್ಟಿ, ಮೂಲೆಮಟ್ಟ, ಒಂದು ಗರಗಸ, ಎರಡು ಉಳಿ, ಒಂದು ತೋಪಡ, ಸುತ್ತಿಗೆ, ಕೊಡತಿ, ಬೈರಿಗೆ ಮತ್ತು ಸಾಣೆಕಲ್ಲು. ಇವುಗಳಲ್ಲಿ ಅನೇಕವು ಗುಜರಿ ಅಂಗಡಿಯಲ್ಲಿಯೂ ವಾರದ ಸಂತೆಯಲ್ಲಿಯೂ ದೊರೆಯುತ್ತವೆ.

ಮೂಲೆಮಟ್ಟದ ಪರೀಕ್ಷೆಗೆ ಒಂದು ಸೀಸದ ಕಡ್ಡಿ ಸಾಕು. ನೇರ ಅಂಚುಳ್ಳ ಹಲಗೆಗೆ ಅದನ್ನು ಒತ್ತಿ ಹಿಡಿದು ಒಂದು ಗೆರೆ ಎಳೆಯಿರಿ. ಬಳಿಕ ಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಮತ್ತೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಕೋನ ಸರಿಯಾಗಿದೆ. 15 ಸೆಂಟಿಮೀಟರ್ ದೂರದಲ್ಲಿ ಗೆರೆಗಳ ನಡುವೆ 1 ಮಿಲಿಮೀಟರ್ ಅಂತರವಿದ್ದರೆ ಮಟ್ಟದ ದೋಷ ಅದರ ಅರ್ಧ. ಏಕೆಂದರೆ ಮಗುಚಿದಾಗ ದೋಷವು ಎರಡು ಪಟ್ಟಾಗಿ ಕಾಣುತ್ತದೆ.

ಹಳೆಯ ಉಳಿಯಲ್ಲಿ ತುಕ್ಕನ್ನು ಕಂಡೊಡನೆ ಹಿಂಜರಿಯಬೇಕಾಗಿಲ್ಲ. ತುಕ್ಕು ಎಲ್ಲಿದೆಯೆಂಬುದು ಮುಖ್ಯ. ಉಳಿಯ ಅಲಗು ಎಂಬುದು ಇಳಿಜಾರಾದ ಮುಖವೂ ಚಪ್ಪಟೆಯಾದ ಬೆನ್ನೂ ಕೂಡುವ ರೇಖೆ. ಇಳಿಜಾರು ಮುಖದ ಗುಳಿಗಳು ಸಾಣೆ ಹಿಡಿದಾಗ ಮಾಯವಾಗುತ್ತವೆ. ಬೆನ್ನಿನ ಮೇಲೆ, ತುದಿಯ ಸಮೀಪದಲ್ಲಿ, ಆಳವಾದ ಗುಳಿಗಳಿದ್ದರೆ ಅಲಗು ಅಲ್ಲಲ್ಲಿ ಮುರಿದಂತೆಯೇ ಉಳಿಯುತ್ತದೆ. ಅಂತಹ ಉಳಿಯನ್ನು ಬಿಡಬೇಕು. ಅಂಗಡಿಯವನ ಅಪ್ಪಣೆ ಪಡೆದು ತುದಿಯ ಬಳಿ ಚಿಕ್ಕ ಅರದಿಂದ ಮೆಲ್ಲನೆ ಉಜ್ಜಿ ನೋಡಬಹುದು. ಅರವು ಜಾರಿದರೆ ಅಥವಾ ಕಷ್ಟದಿಂದ ಹಿಡಿದರೆ ಉಕ್ಕು ಗಡಸಾಗಿದೆ. ಸುಲಭವಾಗಿ ಪುಡಿ ಉದುರಿದರೆ ಅದು ಮೆದು, ಹರಿತ ನಿಲ್ಲದು. ತುದಿಯಲ್ಲಿ ನೀಲಿಬಣ್ಣ ಕಂಡರೆ ಯಾರೋ ಯಂತ್ರದ ಸಾಣೆಗೆ ಹಿಡಿದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದ್ದಾರೆಂದು ಅರ್ಥ. ಸಾಮಾನ್ಯ ಇಂಗಾಲದ ಉಕ್ಕು ಆ ಶಾಖಕ್ಕೆ ಗಡಸುತನವನ್ನು ಕಳೆದುಕೊಳ್ಳುತ್ತದೆ. ಆ ನೀಲಿಭಾಗವನ್ನು ತೇಯ್ದು ತೆಗೆಯಬೇಕಾಗುತ್ತದೆ.

ಗರಗಸವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹಲ್ಲುಗಳ ಸಾಲನ್ನು ಉದ್ದಕ್ಕೂ ನೋಡಬೇಕು. ಮೊಂಡಾದ ಹಲ್ಲುಗಳನ್ನು ಮೂರು ಮೂಲೆಯ ಅರದಿಂದ ಹರಿತಗೊಳಿಸಬಹುದು. ಬಾಗಿದ ತಗಡನ್ನು ಸರಿಪಡಿಸುವುದು ಹೊಸಬರಿಂದಾಗದು.

ಕೊಳ್ಳದೆಯೇ ನಡೆಯುವುದು

ಹರಿತವಿಲ್ಲದ ಒಳ್ಳೆಯ ಉಳಿಗಿಂತ ಹರಿತವಾದ ಸಾಧಾರಣ ಉಳಿಯೇ ಮೇಲು. ಅದು ಬಲವಂತಕ್ಕೆ ಅವಕಾಶ ಕೊಡದ ಕಾರಣ ಕೈಗೆ ಅಪಾಯವೂ ಕಡಿಮೆ. ಬೆಲೆಯುಳ್ಳ ಸಾಣೆಕಲ್ಲಿಗೆ ಬದಲಾಗಿ, ದಪ್ಪ ಗಾಜಿನ ತುಂಡಿನ ಮೇಲೆ ನೀರುಕಾಗದವನ್ನು 220, 400, 800, 1200 ಎಂಬ ಕ್ರಮದಲ್ಲಿ ಅಂಟಿಸಿ ಉಜ್ಜಬಹುದು. ಇಳಿಜಾರು ಮುಖಕ್ಕೆ 25ರಿಂದ 30 ಡಿಗ್ರಿ ಕೋನವಿರಲಿ. ಅಂಟು ಹಚ್ಚಿದ ಚೌಕಟ್ಟನ್ನು ಬಿಗಿಹಿಡಿಯಲು ಕ್ಲಾಂಪುಗಳೇ ಬೇಕೆಂದಿಲ್ಲ. ಸುತ್ತಲೂ ಹಗ್ಗವನ್ನು ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿದರೆ ಸಾಕಷ್ಟು ಒತ್ತಡ ಒದಗುತ್ತದೆ. ತೇಗ, ಬೀಟೆಗಳಂತಹ ಮರವನ್ನು ಕೊಂಡಾಗ ಮಾತ್ರ ರಸೀದಿ ಪಡೆಯುವುದನ್ನು ಮರೆಯಬಾರದು.

ಮಾಡಿ ನೋಡಿ

ಕೊಂಡ ಹಲಗೆಯಿಂದ ಒಂದು ಚಿಕ್ಕ ತುಂಡನ್ನು ಕತ್ತರಿಸಿ ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿರಿ. ಅಧ್ಯಾಪಕರ ಸಹಾಯದಿಂದ ಅದನ್ನು 103 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿರಿ. 60 ಗ್ರಾಂ ಇದ್ದುದು 50 ಗ್ರಾಂ ಆದರೆ, ಹೋದ 10 ಗ್ರಾಂ ನೀರನ್ನು ಒಣತೂಕ 50ರಿಂದ ಭಾಗಿಸಿರಿ: ತೇವಾಂಶ ನೂರಕ್ಕೆ 20. ಅಂತಹ ಹಲಗೆಯನ್ನು ಇನ್ನೂ ಕೆಲವು ವಾರ ಗಾಳಿಯಾಡುವ ನೆರಳಿನಲ್ಲಿ, ನಡುನಡುವೆ ಪಟ್ಟಿಗಳನ್ನಿಟ್ಟು ಪೇರಿಸಿಡಬೇಕು. ಒಲೆಯ ಅನುಕೂಲವಿಲ್ಲದವರು ಹಲಗೆಯನ್ನೇ ವಾರಕ್ಕೊಮ್ಮೆ ತೂಗಿ ಬರೆದಿಡಲಿ. ಎರಡು ಮೂರು ವಾರ ತೂಕ ಬದಲಾಗದಿದ್ದರೆ ಮರವು ಆ ಮನೆಯ ಗಾಳಿಗೆ ಹೊಂದಿಕೊಂಡಿದೆ. ಆಗ ಗರಗಸವನ್ನು ಕೈಗೆತ್ತಿಕೊಳ್ಳಬಹುದು.