ಹಾಲಿಗಿಡವೂ ನಮ್ಮ ಹಿತ್ತಲ ಬೇಲಿಯೂ

ಡಿಸೆಂಬರ್ ತಿಂಗಳು ಬಂದಿತೆಂದರೆ ಶುಭಾಶಯಪತ್ರಗಳ ಮೇಲೆ ಮುಳ್ಳಂಚಿನ ಹಸುರೆಲೆಗಳೂ ಅವುಗಳ ನಡುವೆ ಮಣಿಗಳಂತಹ ಕೆಂಪು ಹಣ್ಣುಗಳೂ ಕಾಣಿಸಿಕೊಳ್ಳುವುವು. ಅದೇ ಹಾಲಿಗಿಡ, ಕಚೇರಿಯ ಕಾಗದಗಳಲ್ಲಿ ಬರುವ ‘ಹಾಲಿ’ ಎಂಬ ಮಾತಿಗೂ ಇದಕ್ಕೂ ಯಾವ ನಂಟೂ ಇಲ್ಲ. ಇದನ್ನು ನಮ್ಮ ಮನೆಯ ಹಿತ್ತಲಿನಲ್ಲಿ ಬೆಳೆಸಲಾಗದೇ ಎಂದು ವಿದ್ಯಾರ್ಥಿನಿಯರು ಕೇಳುವುದುಂಟು. ಪ್ರಶ್ನೆಯು ಚಿಕ್ಕದಾದರೂ ಉತ್ತರದಲ್ಲಿ ಗಿಡದ ಸ್ವಭಾವ, ನೆಲದ ಗುಣ, ನೀರಿನ ಲೆಕ್ಕ ಇವು ಮೂರೂ ಸೇರಿರುವುದರಿಂದ ತುಸು ವಿಸ್ತಾರವಾಗಿ ವಿಚಾರಿಸೋಣ.

ಹಾಲಿಯಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಇದೇನೂ ನಮಗೆ ಹೊಸದಲ್ಲ. ಪರಂಗಿಯ ಗಂಡುಮರದಲ್ಲಿ ಹೂವುಗಳು ಉದ್ದವಾದ ತೊಟ್ಟುಗಳಲ್ಲಿ ಜೋಲಾಡುವುದನ್ನೂ, ಹೆಣ್ಣುಮರದಲ್ಲಿ ಅವು ಕಾಂಡಕ್ಕೆ ಅಂಟಿಕೊಂಡಿರುವುದನ್ನೂ ನೀವೆಲ್ಲರೂ ನೋಡಿದ್ದೀರಿ. ಹಾಲಿಯ ಕೆಂಪು ಹಣ್ಣು ಹೆಣ್ಣುಗಿಡದಲ್ಲಿ ಮಾತ್ರ ಬಿಡುವುದು. ಅದೂ ಸಮೀಪದಲ್ಲಿ ಗಂಡುಗಿಡವಿದ್ದು, ಜೇನುನೊಣಗಳು ಪರಾಗವನ್ನು ತಂದರೆ ಮಾತ್ರ. ಒಂಟಿಗಿಡವನ್ನು ನೆಟ್ಟು ಹಣ್ಣಿಗಾಗಿ ಕಾದವರು ಆ ಗಿಡದ ಸ್ವದೇಶವಾದ ಯೂರೋಪಿನಲ್ಲಿಯೂ ನಿರಾಶರಾಗುವರು. ಬೀಜವು ಮೊಳೆಯಲು ಎರಡು ವರ್ಷ ಹಿಡಿಯುವುದುಂಟು. ಹಣ್ಣನ್ನು ಹಕ್ಕಿಗಳು ತಿನ್ನುವುವು. ಮನುಷ್ಯರಿಗೆ ಅದು ವಿಷ. ಪುಟ್ಟ ಮಕ್ಕಳಿರುವ ಮನೆಯವರು ಇದನ್ನು ಮೊದಲು ತಿಳಿದಿರತಕ್ಕದ್ದು.

ಇನ್ನು ನೆಲದ ಮಾತು. ಹಾಲಿಗೆ ತಂಪು ಹವೆ, ತೇವವಿದ್ದರೂ ನೀರು ನಿಲ್ಲದ, ತುಸು ಹುಳಿಗುಣವುಳ್ಳ ಮಣ್ಣು ಹಿತ. ಅದೇ ಕುಲದ ಕೆಲವು ಮರಗಳು ನಮ್ಮ ಪಶ್ಚಿಮಘಟ್ಟದ ಶೋಲಾಕಾಡುಗಳಲ್ಲಿ ಇವೆ. ಅಲ್ಲಿ ಮಂಜೂ ಮಳೆಯೂ ಧಾರಾಳ. ಚಿತ್ರದುರ್ಗದ ಸೀಮೆಗೆ ವರ್ಷಕ್ಕೆ ಬರುವ ಮಳೆ ಸುಮಾರು 550ರಿಂದ 600 ಮಿಲಿಮೀಟರ್. ಹಿರಿಯೂರಿನ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೊಮ್ಮೆ ಕೋಡಿ ಬಿದ್ದುದು 2022ರಲ್ಲಿ! ಇಂತಹ ನಾಡಿನಲ್ಲಿ ಚಿತ್ರದ ಚೆಲುವಿಗೆ ಮರುಳಾಗಿ ಪರದೇಶದ ಗಿಡವೊಂದಕ್ಕೆ ಬೇಸಗೆಯುದ್ದಕ್ಕೂ ಕೊಡಗಟ್ಟಲೆ ನೀರು ಹೊಯ್ಯುವುದು ನ್ಯಾಯವಲ್ಲ. ಆ ಕೊಡವನ್ನು ಹೊರುವವರು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳೇ ಅಲ್ಲವೇ?

ಇದರ ವಿರುದ್ಧವಾದ ಅಪಾಯವೂ ಉಂಟು. ಪರದೇಶದ ಗಿಡವು ಬಾಡುವುದಕ್ಕೆ ಬದಲಾಗಿ ಮಿತಿಮೀರಿ ಬೆಳೆದರೆ? ಲಂಟಾನವನ್ನು 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವೆಂದು ತಂದರು. ಅದರ ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ದೇಶವೆಲ್ಲಾ ಹರಡಿದುವು. ಇಂದು ಬಿಳಿಗಿರಿರಂಗನ ಬೆಟ್ಟದಂತಹ ಕಾಡುಗಳಲ್ಲಿ ಅದು ನೆಲವನ್ನೇ ಮುಚ್ಚಿಬಿಟ್ಟಿದೆ.

ಕೆಂಪು ಬಣ್ಣವೇ ಬೇಕೆನ್ನುವವರು ಪಾಯಿನ್ಸೆಟಿಯದ ಒಂದು ಕಡ್ಡಿಯನ್ನು ಊರಿಕೊಳ್ಳಲಿ. ಅದೂ ಮೆಕ್ಸಿಕೋ ದೇಶದ್ದೇ, ಆದರೆ ತೋಟ ಬಿಟ್ಟು ಓಡುವ ಜಾತಿಯಲ್ಲ. ರಾತ್ರಿಯು ದೀರ್ಘವಾದಾಗ ಅದರ ತುದಿಯೆಲೆಗಳು ಕೆಂಪೇರುವುವು. ಆದುದರಿಂದ ಬೀದಿದೀಪದ ಕೆಳಗೆ ನೆಡಬಾರದು.

ಮುಳ್ಳೂ ಹಣ್ಣೂ ಹೊಳೆಯುವ ಹಸುರೂ ಒಂದೇ ಗಿಡದಲ್ಲಿ ಬೇಕಾದರೆ ನಮ್ಮ ಕವಳೆಯೇ ಇದೆ. ಕೆಲವರು ಕರಂಡೆ ಎನ್ನುವರು. ಇದು ನಿತ್ಯಹಸುರು; ಬಿಳಿಯ ಹೂವಿಗೆ ಮಲ್ಲಿಗೆಯನ್ನು ನೆನಪಿಗೆ ತರುವ ಕಂಪು; ಒಂದೇ ಹೂವಿನಲ್ಲಿ ಕೇಸರವೂ ಅಂಡಾಶಯವೂ ಇರುವುದರಿಂದ ಬೇರೆ ಗಂಡುಗಿಡ ಬೇಡ. ಮುಳ್ಳುಗಳು ಜೋಡಿಜೋಡಿಯಾಗಿ ಎಷ್ಟು ಗಟ್ಟಿಯಾಗಿರುವುವೆಂದರೆ ಆಡುಗಳೂ ಬೇಲಿಯನ್ನು ನುಗ್ಗಲು ಹಿಂಜರಿಯುವುವು. ಡಿಸೆಂಬರಿನಲ್ಲಿ ಇದರಲ್ಲಿ ಹಣ್ಣು ಸಿಕ್ಕದೆಂಬುದು ನಿಜ. ಹಣ್ಣಿನ ಕಾಲವು ಬೇಸಗೆಯ ಕೊನೆಯಿಂದ ಮಳೆಗಾಲದವರೆಗೆ.

ಬೆಳೆಸುವ ಕ್ರಮವು ಸುಲಭ. ಚೆನ್ನಾಗಿ ಮಾಗಿದ ಹಣ್ಣಿನ ಬೀಜವನ್ನು ತೊಳೆದು ಕೂಡಲೇ ಮಡಿಯಲ್ಲಿ ಬಿತ್ತಬೇಕು. ಬಹುದಿನ ಇಟ್ಟ ಬೀಜವು ಮೊಳೆಯದು. ಅಂಗಡಿಯ ಹಳೆಯ ಪೊಟ್ಟಣವನ್ನು ನಂಬಬೇಡಿರಿ. ಮರುವರ್ಷದ ಮುಂಗಾರಿನಲ್ಲಿ ಒಂದೊಂದು ಅಡಿ ಅಗಲ, ಆಳದ ಗುಣಿಗಳನ್ನು ಮೂರು ಮೂರು ಅಡಿಗೆ ತೋಡಿ, ಕೊಟ್ಟಿಗೆಗೊಬ್ಬರವನ್ನು ಬೆರಸಿ, ಸಸಿಗಳನ್ನು ನೆಡತಕ್ಕದ್ದು. ಮೊದಲ ಒಂದೆರಡು ಬೇಸಗೆಗಳಲ್ಲಿ ಪಾತ್ರೆ ತೊಳೆದ ನೀರನ್ನಾದರೂ ಹಾಕಿದರೆ ಸಾಕು. ಬಳಿಕ ಗಿಡವು ತನ್ನನ್ನು ತಾನೇ ನೋಡಿಕೊಳ್ಳುವುದು. ಹಣ್ಣು ಮುಗಿದ ಮೇಲೆ ತುದಿಗಳನ್ನು ಕತ್ತರಿಸಿದರೆ ಬೇಲಿಯು ಒತ್ತಾಗುವುದು.

ಎಳೆಯ ಕಾಯಿಯು ಉಪ್ಪಿನಕಾಯಿಗೆ ಶ್ರೇಷ್ಠ. ಕೊಯ್ದಾಗ ಒಸರುವ ಹಾಲಿನ ಅಂಟು ಹೋಗುವಂತೆ ಉಪ್ಪುನೀರಿನಲ್ಲಿ ನೆನೆಯಿಡಿರಿ. ಜೆಲ್ಲಿಗಾದರೆ ಪೂರ್ತಿ ಕಪ್ಪಾದ ಹಣ್ಣಿನ ಜೊತೆಗೆ ಇನ್ನೂ ಕೆಂಪಾಗಿರುವವನ್ನೂ ಸೇರಿಸಬೇಕು. ಅರೆಮಾಗಿದವುಗಳಲ್ಲಿ ಪೆಕ್ಟಿನ್ ಹೆಚ್ಚಾಗಿರುವುದರಿಂದ ಪಾಕವು ಚೆನ್ನಾಗಿ ಗಟ್ಟಿಕಟ್ಟುವುದು. ಜೂನ್ ತಿಂಗಳಲ್ಲಿ ಕಾಸಿ ಶೀಸೆಗೆ ತುಂಬಿಟ್ಟ ಜೆಲ್ಲಿಯು ಕ್ರಿಸ್‌ಮಸ್ಸಿನ ಊಟಕ್ಕೆ ಒಳ್ಳೆಯ ಕೆಂಪುಬಣ್ಣದಲ್ಲಿಯೇ ಉಳಿದಿರುವುದು.