ಬಾಣಂತಿಯ ಮನಸ್ಸು, ಗಂಡನ ತಾಳ್ಮೆ

ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು, ಸಿಡುಕುವುದು ಸಹಜ. ಸಾಮಾನ್ಯವಾಗಿ 2 ವಾರದೊಳಗೆ ತಿಳಿಯಾಗುತ್ತದೆ. ಆಮೇಲೂ ಮಂಕು ಕವಿದೇ ಇದ್ದರೆ, ಮಗುವಿನ ಮೇಲೂ ಮನಸ್ಸಿಲ್ಲದಿದ್ದರೆ, ದೃಷ್ಟಿ ತೆಗೆದು ಸುಮ್ಮನಾಗದೆ ವೈದ್ಯರನ್ನು ಕಾಣಿ. ಸಾಯುವ ಮಾತು ಬಂದರೆ ಅಂದೇ ಹೋಗಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ದೇಹಸಂಬಂಧಕ್ಕೆ ಸುಮಾರು 6 ವಾರ ಕಾಯುವುದು ಒಳ್ಳೆಯದು. ಹಾಲೂಡಿಸುವಾಗ ಈಸ್ಟ್ರೋಜನ್ ಇಳಿದು ಯೋನಿ ಒಣಗುತ್ತದೆ, ನೋವಾಗಬಹುದು. ಅದು ಪ್ರೀತಿ ಬತ್ತಿದ ಲಕ್ಷಣವಲ್ಲ; ಲೂಬ್ರಿಕೆಂಟ್ ಜೆಲ್ ನೆರವಾಗುತ್ತದೆ. ಮುಟ್ಟು ಮರಳುವ ಮೊದಲೇ ಮತ್ತೆ ಬಸಿರಾಗಬಹುದು, ಗರ್ಭನಿರೋಧಕದ ಬಗ್ಗೆ ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿ.

ಗಂಡಂದಿರೇ, ಬಾಣಂತನ ತವರಿನವರ ಕೆಲಸವೆಂದು ದೂರ ನಿಲ್ಲಬೇಡಿ. ರಾತ್ರಿ ಒಂದು ಸರದಿ ಮಗುವನ್ನು ನೀವೇ ಎತ್ತಿಕೊಂಡು ಅವಳಿಗೆ ನಿದ್ದೆ ಮಾಡಲು ಬಿಡಿ. ದೇಹಸಂಬಂಧಕ್ಕೆ ಅವಳು ಒಲ್ಲೆನೆಂದರೆ ಮುನಿಸಿಕೊಳ್ಳದೆ ಕಾಯಿರಿ.