ಹೆಸರು ಬಚ್ಚಿಟ್ಟ ಕವಿ

ಬರೆದದ್ದು ಅಚ್ಚಾಗದೆ ಬೇಸತ್ತವರು ಒಮ್ಮೆ ಮುದ್ದಣರ ಕಡೆ ನೋಡಬೇಕು.

ಮುದ್ದಣ ಎಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರು. ಹೊಸಬನ ಕಾವ್ಯ ಯಾರು ಓದಿಯಾರು ಎಂಬ ಅಳುಕಿತ್ತು ಎನ್ನುತ್ತಾರೆ. ತಾವೇ ಬರೆದ ‘ಅದ್ಭುತ ರಾಮಾಯಣ’ವನ್ನು ಹಳೆಯ ಕವಿಯದೆಂದು ಹೇಳಿ ಮೈಸೂರಿನ ‘ಕಾವ್ಯಮಂಜರಿ’ಗೆ ಕಳಿಸಿದರು. ಹಳಗನ್ನಡ ಕಾವ್ಯಗಳನ್ನು ಹುಡುಕಿ ಅಚ್ಚುಹಾಕುತ್ತಿದ್ದ ಪತ್ರಿಕೆಯದು. 1895ರಲ್ಲಿ ಕೃತಿ ಬೆಳಕು ಕಂಡಿತು.

ಅಳುಕಿನ ಬೆನ್ನಿಗೇ ಹೆಸರಿನ ಆಸೆಯೂ ಇತ್ತು. ‘ಶ್ರೀರಾಮಾಶ್ವಮೇಧ’ದಲ್ಲಿ ಕಥೆ ಹೇಳುವ ಗಂಡನಿಗೆ ಅವರಿಟ್ಟದ್ದು ತಮ್ಮದೇ ಮುದ್ದಿನ ಹೆಸರು, ಮುದ್ದಣ! ಕೇಳುವ ಹೆಂಡತಿ ಮನೋರಮೆಯೋ, ಸಂಸ್ಕೃತ ಜಾಸ್ತಿಯಾದರೆ ಅಲ್ಲೇ ತಡೆದು ನಿಲ್ಲಿಸುವ ಗಟ್ಟಿಗಿತ್ತಿ.

1901ರಲ್ಲಿ, 31ರ ಹರೆಯದಲ್ಲಿ ಮುದ್ದಣ ಕ್ಷಯದಿಂದ ತೀರಿಕೊಂಡರು. ಆ ಕಾವ್ಯಗಳು ಅವರವೇ ಎಂಬುದು ನಾಡಿಗೆ ಖಚಿತವಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಹಸ್ತಪ್ರತಿ ವಾಪಸು ಬಂದ ದಿನ ಸಂಪಾದಕರನ್ನು ಬೈಯುವುದು ಸುಲಭ. ತಮಗೆ ಬೇಕಿದ್ದದ್ದು ಓದುಗರೋ, ಹಾರ ತುರಾಯಿಯೋ ಎಂದು ಬರೆದವರು ಮೊದಲು ತಮ್ಮನ್ನೇ ಕೇಳಿಕೊಳ್ಳಲಿ. ಹಾರದ ಆಸೆ ಇದ್ದರೆ ನಾಚಿಕೆಯೇನೂ ಬೇಡ. ಅದು ಮುದ್ದಣರಿಗೂ ಇತ್ತು. ಆಮೇಲೆ ಮುಲಾಜಿಲ್ಲದ ಮನೋರಮೆಯಂಥವರೊಬ್ಬರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಲಿ. ಅವರು ಆಕಳಿಸಿದ ಪುಟದ ಅಂಚಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಮರುದಿನ ಅಲ್ಲಿಂದಲೇ ತಿದ್ದಲು ಕೂರಲಿ.